ಮುಳ್ಳು ಕೂರಿಸಿದ ಕೈ

ಅಪ್ಪನವರಿಗೆ ನಮಸ್ಕಾರ.

ನಿಮ್ಮ ರೆಕಾರ್ಡ್ ಪ್ಲೇಯರಿನ ಮುಳ್ಳು ಹಿಡಿಯುವ ಕಾರ್ಟ್ರಿಡ್ಜ್ ಮತ್ತೆ ನಮ್ಮ ರಿಪೇರಿ ಅಂಗಡಿಗೆ ಬಂದಿದೆ, ಜೊತೆಗೆ ನಾಲ್ಕು ಪುಟದ ದೂರೂ ಬಂದಿದೆ. ನಾನು ಹಾಕಿದ ಹೊಸ ಮುಳ್ಳಿನಲ್ಲಿ ಗಾಯಕಿಗೆ ನೆಗಡಿಯಾದ ಹಾಗಿದೆಯಂತೆ. ಐದು ವರ್ಷದ ಹಿಂದೆ ನಮ್ಮ ಅಂಗಡಿಯ ಯಜಮಾನರು ಕೂರಿಸಿದ ಮುಳ್ಳಿನಲ್ಲಿ ಜೇನು ಸುರಿಯುತ್ತಿತ್ತಂತೆ. "ಇದು ನಿನ್ನ ಕೈಲಾಗೋ ಕೆಲಸ ಅಲ್ಲ ಅಂತ ಅವತ್ತೇ ಹೇಳಿದ್ದೆ" ಎಂದೂ ಬರೆದಿದ್ದೀರಿ. ನಿಮ್ಮ ಕಿವಿ ಎಷ್ಟು ಸೂಕ್ಷ್ಮವೆಂದು ಎಲ್ಲರಿಗೂ ಗೊತ್ತು. ನೀವೇ ಹೇಳಿಕೊಂಡು ಬಂದಿದ್ದೀರಿ.

ನಾನು ಮುಳ್ಳು ಬದಲಿಸಿಯೇ ಇಲ್ಲ. ಸೂಕ್ಷ್ಮದರ್ಶಕದಡಿ ನೋಡಿದರೆ ತುದಿಯ ವಜ್ರ ಸವೆದಿರಲಿಲ್ಲ, ಬರೀ ಧೂಳು ಮೆತ್ತಿತ್ತು. ಬ್ರಷ್ಷಿನಿಂದ ತೆಗೆದು ಕಳಿಸಿದೆ. ಜೊತೆಗಿಟ್ಟ ಚೀಟಿಯಲ್ಲೂ ಹಾಗೇ ಬರೆದಿದ್ದೆ. ನನ್ನ ಚೀಟಿ ಓದುವ ಅಭ್ಯಾಸ ನಿಮಗಿಲ್ಲ.

ದಯವಿಟ್ಟು ಯಜಮಾನರಿಗೆ ದೂರು ಹೇಳಲು ಹೋಗಬೇಡಿ. ಅವರ ಕೈ ನಡುಗಲು ಶುರುವಾಗಿ ಎಂಟು ವರ್ಷವಾಯಿತು, ನೀರಿನ ಲೋಟ ಹಿಡಿಯುವುದೂ ಕಷ್ಟ. ನಿಮ್ಮ ಆ ಜೇನಿನ ಮುಳ್ಳು ಕೂರಿಸಿದ್ದೂ ನಾನೇ.

ಕಾರ್ಟ್ರಿಡ್ಜನ್ನು ಮುಟ್ಟದೆ ಹಾಗೇ ವಾಪಸ್ ಕಳಿಸುತ್ತಿದ್ದೇನೆ. ಹೆಬ್ಬೆರಳಿನಿಂದ ಒರೆಸಬೇಡಿ. ಯಜಮಾನರೇ ಸರಿಮಾಡಿದ್ದು ಎಂದುಕೊಂಡು ಕೇಳಿ, ನೆಗಡಿ ವಾಸಿಯಾಗುತ್ತದೆ.

ಇತಿ,
ನಿಮ್ಮ ಮಗಳು