ಹಿಮಗಡಲಿನ ಹಸಿರು ಸುತ್ತು

ಗೆರೆಮನೆ, ಹೊಸದಂಡೆ
ಮೂರನೆಯ ಏರುನೀರಿನ ಅರವತ್ತನೆಯ ವರ್ಷ, ಅಧಿಕ ಕಾರ್ತಿಕದ ಮೂವತ್ತೆಂಟನೆಯ ದಿನ

ನಕಾಶೆಯ ಮೇಲೆ ಮೊದಮೊದಲು ಗೆರೆ ಎಳೆದ ಹಿರಿಯರಿಗೆ ನೀಲವ್ವನ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ, ಹುಡುಕುವ ತೊಂದರೆ ತೆಗೆದುಕೊಳ್ಳಬೇಡಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಿಮ್ಮ ಬರಹ ಓದುವಾಗ ನಮಗೂ ಹಾಗೇ ಆಗುತ್ತದೆ. 'ಬಸ್ ಸ್ಟ್ಯಾಂಡ್ ಎದುರಿಗೆ' ಎಂದು ನೀವು ನಕಾಶೆಯ ಒಂದು ಚುಕ್ಕಿಯ ಪಕ್ಕದಲ್ಲಿ ಬರೆದಿಟ್ಟಿದ್ದನ್ನು ಓದಿ ನಾವು ಎಷ್ಟೋ ಹೊತ್ತು ತಲೆ ಕೆರೆದುಕೊಂಡಿದ್ದೇವೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ನಿಮ್ಮ ಕಾಲದ ಅಂಥದೇ ಒಂದು ಚುಕ್ಕಿಯ ವಿವರಣೆಯೊಳಗೆ ಈ ಪತ್ರವನ್ನು ತುರುಕುತ್ತಿದ್ದೇನೆ. ತಲುಪಿದರೆ ಸಂತೋಷ, ತಲುಪದಿದ್ದರೆ ನನ್ನದೊಂದು ಸಂಜೆ ಕಳೆದಂತಾಯಿತು.

ನಮ್ಮ ಸೀಮೆಯಲ್ಲಿ ಈಗ ನೆಲಕ್ಕಿಂತ ನೀರು ಹೆಚ್ಚು. ನಿಮ್ಮ ಆಣೆಕಟ್ಟುಗಳ ಹಿನ್ನೀರು, ಅದರ ಮೇಲೆ ಮೂರು ಸಲ ಏರಿದ ನೀರು, ಎಲ್ಲ ಸೇರಿ ಊರುಗಳು ಮುಳುಗಿ ಗುಡ್ಡಗಳ ತಲೆ ಮಾತ್ರ ಉಳಿದಿವೆ. ಜೋಳವನ್ನು ತೇಲುಹೊಲಗಳಲ್ಲಿ ಬೆಳೆಯುತ್ತೇವೆ. ಗಾಳಿ ಬಂದರೆ ಹೊಲ ಪಕ್ಕದ ಮನೆಯವರ ದಂಡೆಗೆ ಹೋಗಿ ನಿಲ್ಲುತ್ತದೆ, ಅದಕ್ಕೇ ನಮ್ಮಲ್ಲಿ ಅರ್ಧ ಜಗಳ. ಓಡಾಟಕ್ಕೆ ತಾನೋಡಗಳಿವೆ, ಅಂದರೆ ಅಂಬಿಗನಿಲ್ಲದೆ ತಾನಾಗಿ ಓಡುವ ದೋಣಿ. ಅವು ಮನುಷ್ಯರ ಮಾತು ಕೇಳುವುದಿಲ್ಲ, ನಕಾಶೆಯನ್ನು ಮಾತ್ರ ನೋಡುತ್ತವೆ. ನಕಾಶೆಯ ತಳದ ಪಟವನ್ನು ಯಾರೂ ಮುಟ್ಟುವಂತಿಲ್ಲ. ಅದರ ಮೇಲೆ ಚುಕ್ಕಿ, ಗೆರೆ, ಸುತ್ತು ಬಿಡಿಸಬಹುದು, ಅದೂ ಕೈಯಿಂದಲ್ಲ, ಅಕ್ಷರದಿಂದ. 'ಸುತ್ತು ಬಿಡಿಸು, ನಡು ಇಂಥಲ್ಲಿ, ಅಳತೆ ಇಷ್ಟು, ಬಣ್ಣ ಹಸಿರು' ಎಂದು ಒಂದು ಸಾಲು ಬರೆದು ಕಳಿಸಿದರೆ ನಕಾಶೆಯ ಮೇಲೆ ಹಸಿರು ಸುತ್ತು ಮೂಡುತ್ತದೆ. ಹಸಿರು ಸುತ್ತು ಎಂದರೆ ಇಲ್ಲಿ ಜನ ಕಾದಿದ್ದಾರೆ, ಬಂದು ಕರೆದುಕೊಂಡು ಹೋಗಿ ಎಂದು. ಹತ್ತಿರದ ತಾನೋಡ ಹೊರಡುತ್ತದೆ. ಬಿರುಗಾಳಿಯಲ್ಲಿ ದನಿ ದಾಟದಿದ್ದರೂ ಒಂದು ಸಾಲು ಅಕ್ಷರ ದಾಟುತ್ತದೆ. ಆದ್ದರಿಂದ ನಿಮ್ಮಿಂದ ಬಂದ ಈ ಹಳೇ ಪದ್ಧತಿಯನ್ನು ನಾವು ಬಿಟ್ಟಿಲ್ಲ.

ಈ ಸಾಲುಗಳನ್ನು ಕಾಯುವುದು ಗೆರೆಮನೆಯ ಕೆಲಸ, ಅಲ್ಲಿಯವರಲ್ಲಿ ನಾನೂ ಒಬ್ಬಳು. ನಡುವಿನ ಜಾಗ ಹೇಳಲು ಎರಡು ಅಂಕಿ ಬೇಕು: ಅಕ್ಷಾಂಶ, ರೇಖಾಂಶ. ಯಾವುದು ಮೊದಲು ಎಂಬುದನ್ನು ಮಕ್ಕಳಿಗೆ ಕಲಿಸಲು ನಮ್ಮ ಪ್ರತಿ ಶಾಲೆಯ ಗೋಡೆಗೂ ಒಂದು ಏಣಿ ಒರಗಿಸಿರುತ್ತಾರೆ. ಮಗು ಮೊದಲು ಏಣಿ ಹತ್ತಬೇಕು, ಅದು ಅಕ್ಷಾಂಶ. ಇಳಿದು ಬಂದು ಅಂಗಳದುದ್ದ ನಡೆಯಬೇಕು, ಅದು ರೇಖಾಂಶ. ದೊಡ್ಡವರಾದ ಮೇಲೂ ಸಾಲು ಬರೆಯುವಾಗ ಪಕ್ಕದಲ್ಲೊಬ್ಬರು ನಿಂತು 'ಏರು, ನಡೆ' ಎಂದು ಗಟ್ಟಿಯಾಗಿ ಹೇಳಲೇಬೇಕೆಂಬ ಕಟ್ಟಳೆ ಇದೆ.

ನೀವು ಮಾತ್ರ ಇದನ್ನು ಇತ್ಯರ್ಥ ಮಾಡಲಿಲ್ಲ. ನಿಮ್ಮಲ್ಲಿ ಅರ್ಧ ಯಂತ್ರಗಳು ಅಕ್ಷಾಂಶವನ್ನು ಮೊದಲು ಕೇಳುತ್ತಿದ್ದವಂತೆ, ಇನ್ನರ್ಧ ರೇಖಾಂಶವನ್ನು. ನೀವು ಎರಡಕ್ಕೂ ಹೊಂದಿಕೊಂಡು ಹೋದಿರಿ. ಅದಲುಬದಲಾದರೆ ಏನಾಗುತ್ತದೆ ಎಂಬುದು ಆಯಾ ದೇಶದ ಹಣೆಬರಹ. ಜಪಾನಿನವರು ತಿರುಗಾಮುರುಗಾ ಬರೆದರೆ ಯಂತ್ರ, ಅಂಥ ಜಾಗ ಭೂಮಿಯ ಮೇಲಿಲ್ಲ ಎಂದು ತಡೆಯುತ್ತದೆ, ಏಕೆಂದರೆ ಅವರ ರೇಖಾಂಶ ನೂರರ ಮೇಲಿದೆ, ಅಕ್ಷಾಂಶ ತೊಂಬತ್ತನ್ನು ದಾಟುವುದಿಲ್ಲ. ನಮ್ಮ ನಾಡಿನ ಎರಡೂ ಅಂಕಿಗಳು ತೊಂಬತ್ತರೊಳಗೇ ಇವೆ. ಹೀಗಾಗಿ ತಪ್ಪು ಬರೆದರೂ ನಮಗೊಂದು ಜಾಗ ಸಿಕ್ಕೇ ಸಿಗುತ್ತದೆ. ಅದು ಭೂಮಿಯ ನೆತ್ತಿಯ ಹತ್ತಿರದ ಹಿಮಗಡಲು. ನಿಮ್ಮ ಕಾಲದಿಂದಲೂ ಅಲ್ಲಿ ನಮ್ಮ ನಾಡಿನ ಗುರುತುಗಳು ತಪ್ಪಿ ಬಿದ್ದಿವೆ: ಕೊಳವೆಬಾವಿಗಳು, ಒಂದು ಹಲ್ಲಿನ ಆಸ್ಪತ್ರೆ, ಊಟದ ವ್ಯವಸ್ಥೆ ಇದೆ ಎಂದು ಬರೆದ ಒಂದು ಕಲ್ಯಾಣ ಮಂಟಪ. ಗೆರೆಮನೆಯಲ್ಲಿ ಅದನ್ನು ಉಲ್ಟಾ ನಾಡು ಎನ್ನುತ್ತೇವೆ. ಕೆಲಸವಿಲ್ಲದ ಮಧ್ಯಾಹ್ನ ಅದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು.

ನನ್ನ ಅಕ್ಕ ಬಾಳವ್ವ ಕೆಂಚಗುಡ್ಡದ ಶಾಲೆಯಲ್ಲಿ ಇದೇ ಏಣಿಪಾಠ ಹೇಳುತ್ತಿದ್ದಳು. ಮೂರು ವರ್ಷದ ಹಿಂದೆ, ಮಳೆಗಾಲದ ಕೊನೆಗೆ, ಮೇಲಿನ ಆಣೆಕಟ್ಟಿನ ಬಾಗಿಲುಗಳನ್ನು ತೆರೆದರು. ಗುಡ್ಡದ ಜನ ಶಾಲೆಯಲ್ಲಿ ಸೇರಿದರು. ಅಕ್ಕನ ಸ್ವಂತ ಯಂತ್ರಕ್ಕೆ ನೀರು ಹೊಕ್ಕಿತ್ತು. ಶಾಲೆಯ ಕಪಾಟಿನಲ್ಲಿ ನಿಮ್ಮ ಕಾಲದ್ದೊಂದು ಯಂತ್ರವಿತ್ತು, ಮಕ್ಕಳಿಗೆ ತೋರಿಸಲೆಂದು ಇಟ್ಟಿದ್ದು. ಅದರಲ್ಲಿ ಪಟ ಕಾಣುತ್ತಿರಲಿಲ್ಲ, ಅಕ್ಷರ ಮಾತ್ರ ಹೋಗುತ್ತಿತ್ತು. ಅಕ್ಕ ಅದರಲ್ಲೇ ಬರೆದಳು: 'ಸುತ್ತು ಬಿಡಿಸು, ನಡು ೧೬.೨, ೭೫.೭, ಬಣ್ಣ ಹಸಿರು, ಹೆಸರು ಬಾಳವ್ವ.' ಉಳಿದ ಸಣ್ಣ ಅಂಕಿಗಳನ್ನು ನಾನಿಲ್ಲಿ ಬಿಟ್ಟಿದ್ದೇನೆ. ಏರು, ನಡೆ. ಪಕ್ಕದಲ್ಲಿ ನಿಂತವರೂ ಹಾಗೇ ಹೇಳಿರುತ್ತಾರೆ. ಅವಳ ಸಾಲಿನಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ಆ ಯಂತ್ರ ಮೊದಲು ನಡೆದು ಆಮೇಲೆ ಏರುವಂಥದ್ದು.

ಅವತ್ತು ಗೆರೆಮನೆಯಲ್ಲಿ ಪಾಳಿ ನನ್ನದೇ. ನಮ್ಮ ಪಟದಲ್ಲಿ ಕೆಂಚಗುಡ್ಡ ಖಾಲಿ ಇತ್ತು. ಖಾಲಿ ಇದ್ದರೆ ಜನ ದಾಟಿದ್ದಾರೆ ಎಂದೇ ಅರ್ಥ, ಹಿಂದಿನ ಎಲ್ಲ ನೆರೆಗಳಲ್ಲೂ ಅವರು ಮೊದಲೇ ದಾಟುತ್ತಿದ್ದರು. ಅಕ್ಕ ಸಂತೆಪೇಟೆ ಸೇರಿರುತ್ತಾಳೆ ಎಂದುಕೊಂಡು ಬುತ್ತಿ ಬಿಚ್ಚಿ ರೊಟ್ಟಿ ತಿಂದೆ, ಪುಂಡಿಪಲ್ಲೆ ಇತ್ತು. ನೀರಿಳಿದ ಮೇಲೆ ಹೋಗಿ ನೋಡಿದೆವು. ಗುಡ್ಡದ ಮೇಲೆ ಗೋಡೆ ಇತ್ತು, ಏಣಿ ಇತ್ತು, ಜನ ಇರಲಿಲ್ಲ. ನನಗೆ ಏನೂ ಅನ್ನಿಸಲಿಲ್ಲ. ಜನ ಬಂದು ಮಾತಾಡಿಸಿದರು, ಅವರಿಗೆ ಚಹಾ ಮಾಡಿ ಕೊಟ್ಟೆ. ಇವತ್ತಿಗೂ ಏನೂ ಅನ್ನಿಸುವುದಿಲ್ಲ, ಅದಕ್ಕೆ ನನ್ನ ಮೇಲೆ ನನಗೇ ಬೇಸರ.

ಸುತ್ತು ಎಲ್ಲಿಗೆ ಹೋಗಿತ್ತು ಎಂಬುದು ಆ ಚಳಿಗಾಲ ಕಳೆದ ಮೇಲೆ ಗೊತ್ತಾಯಿತು. ಹಿಮಗಡಲಿನ ದೋಣಿಕಟ್ಟೆಯ ತಾನೋಡ ಅದನ್ನು ನೋಡಿ ಅವತ್ತೇ ಹೊರಟಿತ್ತು. ಯಾರೂ ಸಿಗದೆ ತಿರುಗಿ ಬಂದಿತ್ತು. ಹಸಿರು ಸುತ್ತು ಇರುವವರೆಗೆ ಹುಡುಕಾಟ ನಿಲ್ಲುವಂತಿಲ್ಲ, ಅದು ನಿಯಮ. ಹೀಗಾಗಿ ಅಲ್ಲಿನ ಹಿಮ ಕರಗಿದಾಗಲೆಲ್ಲ ಅದು ಮತ್ತೆ ಹೋಗುತ್ತದೆ, ಸುತ್ತಿನೊಳಗೆ ತಿರುಗುತ್ತದೆ, ಸಾಲು ಬರೆದ ಭಾಷೆಯಲ್ಲೇ ಕೂಗುತ್ತದೆ. ಆ ದನಿಯ ಮುದ್ರಿಕೆಯನ್ನು ಕಟ್ಟೆಯವರು ನಮಗೂ ಕಳಿಸಿದರು. 'ಬಾಳವ್ವ, ನಿಮ್ಮನ್ನು ಕರೆದುಕೊಂಡು ಹೋಗಲು ಬಂದಿದ್ದೇವೆ. ದಂಡೆಗೆ ಬನ್ನಿ.' ಹಿಂದೆ ಗಾಳಿಯ ಸದ್ದು. ನಾನದನ್ನು ನಮ್ಮ ಅವ್ವನಿಗೆ ಕೇಳಿಸಿದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೇಳಿಸಿಕೊಂಡಳು.

"ನಮ್ಮ ಮಾತಿನ್ಯಾಗ ಕರೀತೈತಲ್ಲ. ಇನ್ನೊಮ್ಮೆ ಹಚ್ಚು."

ಅಂದಿನಿಂದ ಅವ್ವ ಪ್ರತಿ ಶನಿವಾರ ಅದನ್ನು ಕೇಳುತ್ತಾಳೆ. ಯಾರೋ ಒಬ್ಬರು ಇನ್ನೂ ಹುಡುಕುತ್ತಿದ್ದಾರಲ್ಲ ಎಂಬುದು ಅವಳಿಗೆ ಸಾಕು. ಬರೆದವರು ಇಲ್ಲವಾದರೆ ಸುತ್ತನ್ನು ಅಳಿಸುವ ಹಕ್ಕು ರಕ್ತಸಂಬಂಧಿಗೆ ಮಾತ್ರ. ಆ ಹಕ್ಕು ನನ್ನದು. ನಾನು ಅದನ್ನು ಮುಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆ ನಮ್ಮ ಗೆರೆಮನೆಯ ಹಿರಿಯರಾದ ಹುಸೇನಸಾಬರು ಮನೆಗೇ ಬಂದರು. ಈ ಸಲದ ಕರಗುಗಾಲದಲ್ಲಿ ಆ ಕಟ್ಟೆಯ ಒಂದೇ ತಾನೋಡ ಬಾಳವ್ವನನ್ನು ಕರೆಯಲು ಹೋಗಿದ್ದಾಗ, ಅಲ್ಲಿಯದೇ ಒಂದು ಮೀನುಗಾರರ ಮನೆಯವರು ಒಡೆದ ಹಿಮದ ಮೇಲೆ ಕಾದು ಕೂತಿದ್ದರಂತೆ. ದೋಣಿ ತಡವಾಗಿ ಬಂತು. ಬದುಕಿದರು, ಆದರೆ ಚಿಕ್ಕ ಹುಡುಗಿಯ ಒಂದು ಕಾಲು ಉಳಿಯಲಿಲ್ಲ. ಇಷ್ಟು ಹೇಳಿ ಸಾಬರು ಚಹಾದ ಲೋಟ ಕೆಳಗಿಟ್ಟರು.

"ನೀಲವ್ವಾರ, ಅಳಸೂದು ನಿಮ್ಮ ಕೈಯಾಗ ಐತಿ. ನಾ ಬಲವಂತ ಮಾಡಂಗಿಲ್ಲ."

ಅವರು ಹೋದ ಮೇಲೆ ನಾನು ಅವ್ವನ ಮುಖ ನೋಡಲಿಲ್ಲ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಲ್ಲಿದ್ದಷ್ಟನ್ನೂ ಹಸನು ಮಾಡಿ ಮುಗಿಸಿದಳು. ಆಮೇಲೆ ಹೇಳಿದಳು.

"ಅಳಸು. ಅಲ್ಲೂ ಒಬ್ಬಾಕಿ ಅವ್ವ ಕುಂತಿರ್ತಾಳ."

ಸಂಜೆ ಗೆರೆಮನೆಗೆ ಅವ್ವನೂ ಬಂದಳು. ನಾನು ಸಾಲು ಬರೆದೆ, ಅವಳು ಪಕ್ಕದಲ್ಲಿ ನಿಂತು ಕಟ್ಟಳೆಯಂತೆ ಏರು, ನಡೆ ಎಂದಳು. ಈ ಸಲ ಹಿಮಗಡಲಿನ ಅಂಕಿಯನ್ನೇ ಸರಿಯಾಗಿ ಬರೆಯಬೇಕಿತ್ತು, ಎಪ್ಪತ್ತೈದರವರೆಗೆ ಏರಿ ಹದಿನಾರಕ್ಕೆ ನಡೆಯಬೇಕಿತ್ತು. ಹಸಿರು ಸುತ್ತನ್ನು ಅಳಿಸುವ ಮುನ್ನ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ: 'ಈ ಸುತ್ತಿನಲ್ಲಿದ್ದವರು ಸಿಕ್ಕರೇ?' ಇಲ್ಲ ಎಂದರೆ ಸುತ್ತು ಅಳಿಯುವುದಿಲ್ಲ, ದೋಣಿ ನಿಲ್ಲುವುದಿಲ್ಲ. ಸತ್ತರು ಎಂದು ಹೇಳಲು ಜಾಗವಿಲ್ಲ, ನೀವು ಇಟ್ಟಿಲ್ಲ. ನಾನು ಹೌದು ಎಂದು ಬರೆದೆ. ಸುತ್ತು ಹೋಯಿತು. ಹತ್ತಿರದಲ್ಲಿ ಆ ಕಲ್ಯಾಣ ಮಂಟಪದ ಗುರುತು ಒಂದು ಉಳಿಯಿತು.

ಅವ್ವನಿಗೆ ಓದಲು ಬರುವುದಿಲ್ಲ, ಯಂತ್ರ ಏನು ಕೇಳಿತು ಎಂದಳು. ಅಕ್ಕ ಸಿಕ್ಕಳೇ ಎಂದು ಕೇಳಿತು, ಸಿಕ್ಕಳು ಎಂದು ಬರೆದೆ ಎಂದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಮುಖ ಒದ್ದೆಯಾಗಿತ್ತು ಎಂದು ನನಗೆ ಆಗಲೇ ಗೊತ್ತಾದದ್ದು.

ಇನ್ನು ಮುಂದೆ ನಕಾಶೆಯ ಇತಿಹಾಸ ನೋಡಿದವರಿಗೆಲ್ಲ ಬಾಳವ್ವ ಮತ್ತು ಕೆಂಚಗುಡ್ಡದ ಜನ ಹಿಮಗಡಲಿನಲ್ಲಿ ಸಿಕ್ಕರು ಎಂದೇ ಕಾಣುತ್ತದೆ. ಅದು ಸುಳ್ಳು ಎಂದು ಎಲ್ಲಾದರೂ ಒಂದು ಕಡೆ ಇರಲಿ ಎಂದು ಈ ಪತ್ರ. ನಿಮ್ಮನ್ನು ಬೈಯಲು ಬರೆದದ್ದಲ್ಲ. ಯಾವುದು ಮೊದಲು ಎಂಬುದನ್ನು ನೀವು ಇತ್ಯರ್ಥ ಮಾಡುತ್ತೀರಿ ಎಂಬ ಆಸೆಯೂ ನನಗಿಲ್ಲ. ಒಂದೇ ಬೇಡಿಕೆ. ಚುಕ್ಕಿ ಇಟ್ಟ ಮೇಲೆ, ಸುತ್ತು ಬಿಡಿಸಿದ ಮೇಲೆ, ಅದು ನಿಮ್ಮ ಜನ ನಿಂತಲ್ಲೇ ಬಿದ್ದಿದೆಯೇ ಎಂದು ಒಂದು ಸಲ ಪಟ ನೋಡಿ. ನನ್ನ ಅಕ್ಕನಿಗೆ ನೋಡಲು ಪಟ ಇರಲಿಲ್ಲ. ನಿಮಗೆ ಇದೆ.

ಇಂತಿ,
ಬಾಳವ್ವನ ತಂಗಿ ನೀಲವ್ವ