ಸರ್ ನೋಡಿದ ಎಸೆತ

ಕುಮಟಾ, ಫೆಬ್ರುವರಿ ೧೫, ಶನಿವಾರ

ಪ್ರಣಿತಾಳ ಮುಖ ಕಣ್ಣೆದುರಿನಿಂದ ಹೋಗುತ್ತಲೇ ಇಲ್ಲ.

ಇಂದು ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್ ಕೃಷ್ಣಾನಂದ ಸರ್ ಅವರ ಕೊನೆಯ ಪಂದ್ಯ. ತಮ್ಮ ಹುಡುಗಿಯರು ಗೆರೆಯ ಮೇಲೆ ಒಬ್ಬರೇ ನಿಂತು ಫ್ರೀ ಥ್ರೋ ಎಸೆಯುವುದನ್ನು ಅವರು ಎಂದೂ ನೋಡಿದವರಲ್ಲ. ಅಂಕಣಕ್ಕೆ ಬೆನ್ನು ಹಾಕಿ ನಿಂತು, ಪ್ರೇಕ್ಷಕರ ಮುಖ ನೋಡಿಯೇ ಚೆಂಡು ಬಿತ್ತೋ ಇಲ್ಲವೋ ತಿಳಿಯುತ್ತಿದ್ದರು. ಅದಕ್ಕೇ ಹಳೇ ಆಟಗಾರ್ತಿಯರು, ಅಭಿಮಾನಿಗಳೆಲ್ಲ ಮಾತಾಡಿಕೊಂಡಿದ್ದೆವು: ಕೊನೆಯ ಫ್ರೀ ಥ್ರೋಗೆ ನಾವೂ ಅವರಂತೆಯೇ ಬೆನ್ನು ತಿರುಗಿಸಬೇಕು. ಶಾಲು, ಹಾರಕ್ಕಿಂತ ಅದೇ ದೊಡ್ಡ ಗೌರವ ಅಂದುಕೊಂಡೆವು.

ಆ ಎಸೆತ ಬಂದದ್ದು ಆಟ ಮುಗಿಯುವ ಹೊತ್ತಿಗೆ, ನಾವು ಒಂದೇ ಅಂಕ ಹಿಂದಿದ್ದಾಗ. ಗೆರೆಯ ಮೇಲೆ ನಮ್ಮ ತಂಡದ ಪ್ರಣಿತಾ. ಎಲ್ಲರೂ ಒಟ್ಟಿಗೇ ತಿರುಗಿದೆವು. ಚೆಂಡು ಬುಟ್ಟಿಯ ರಿಮ್ಮಿಗೆ ಬಡಿದ ಸದ್ದು ಮಾತ್ರ ಕೇಳಿತು. ಸೋತೆವು.

ಆಮೇಲೆ ಅವಳ ಹತ್ತಿರ ಹೋಗಿ, "ಎಂತ ಆತು ತಂಗಿ?" ಎಂದೆ.

"ನೀವೆಲ್ಲ ತಿರುಗಿ ನಿಂತ್ರಿ ಅಕ್ಕಾ. ಸರ್‌ಗೆ ನೋಡೂಕೆ ಒಂದು ಮುಖವೂ ಸಿಗ್ಲಿಲ್ಲ. ನನ್ನ ಬದಿಗೇ ತಿರುಗಿದ್ರು. ಅವ್ರು ನೋಡ್ತಿದ್ದದ್ದು ಕಂಡು ಗುರಿ ತಪ್ಪಿ ಹೋತು."

ಶಾಲು ಹೊದಿಸುವಾಗ ಸರ್ ಎಂದಿನಂತೆ ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡಿದರು. ಸೋತದ್ದು ನಮ್ಮಿಂದಲೇ ಎಂಬುದು ನನ್ನ ಮುಖದಲ್ಲಿ ಅವರಿಗೆ ಕಂಡಿತೋ ಏನೋ.