ಕತ್ತಲ ಮಗ್ಗಲಿನ ಕೆರಿ

೨೦ ಫೆಬ್ರುವರಿ ೨೦೧೮, ಮಂಗಳವಾರ. ನಿಲಂಗಾ

ಮೂರು ಪಿರಿಯಡ್ ಮುಗಿಸಿ ಕುಂತಿದ್ದೆ, ಹೆಡ್‌ಸರ್ ಕರ್ಸಿದ್ರು. ವಿಜ್ಞಾನ ದಿನದ ಭಾಷಣದ ಮಾತು. ಅದಕ್ಕಂತ ಬೆಂಕಿಯಂಥ ಒಂದು ದೂರದ ಗ್ರಹದ ಬಗ್ಗೆ ಹದಿನೈದು ದಿನದಿಂದ ಓದ್ಲಿಕ್ಕತ್ತೀನಿ.

"ಮೀನಲ ಮೇಡಂ, ಬರಿಯೋದು ನೀವು. ಓದೋದು ಪಂಡಿತ ಸರ್. ನಿಮ್ಮ ಮರಾಠಿಗೆ ಕಾನಡಿ ವಾಸನಿ ಬರ್ತದ."

ಪಂಡಿತ ಬಾಜೂಕೇ ಕುಂತು ನಗ್ಲಿಕ್ಕತ್ತಿದ್ದ. ಗಣಿತದ ಮಾಸ್ತರ. ಗ್ರಹಕ್ಕೂ ನಕ್ಷತ್ರಕ್ಕೂ ಫರಕ್ ಗೊತ್ತಿಲ್ಲ.

ಹೂಂ ಅಂದೆ. ಭಾಲ್ಕಿಯಿಂದ ಲಗ್ನ ಆಗಿ ಈ ಮರಾಠಿ ಸೀಮಿಗೆ ಬಂದು ಹನ್ನೊಂದು ವರ್ಷ. ಇವ್ರಿಗೆ ನಾ ಇನ್ನೂ ಕಾನಡಿ, ಕನ್ನಡದಾಕಿನೇ.

೨೫ ಫೆಬ್ರುವರಿ, ರವಿವಾರ

ಬರ್ದು ಮುಗಿಸ್ದೆ. ತನ್ನ ಸೂರ್ಯನ ಮಗ್ಗಲಕ್ಕೇ ಸುತ್ತೋ ಗ್ರಹ. ಅಲ್ಲಿ ವರ್ಷ ಅಂದ್ರ ನಮ್ಮ ಹದಿನೆಂಟು ತಾಸು. ಒಂದೇ ಮಗ್ಗಲು ಯಾವಾಗ್ಲೂ ಬಿಸಿಲಿಗೆ. ಎರಡು ಸಾವಿರ ಡಿಗ್ರಿ. ಕಲ್ಲು ಕರಗಿ ಸಮುದ್ರ. ಕಲ್ಲಿಂದೇ ಉಗಿ, ಕಲ್ಲಿಂದೇ ಮಳಿ ಇರಬಹುದು...

ಕಡೀಕ ಒಂದು ಸಾಲು ಕೂಡಿಸ್ದೆ — "ಕತ್ತಲ ಮಗ್ಗಲಿಗೆ ಸಿಹಿನೀರಿನ ಕೆರಿ ಅವ." ಸುಳ್ಳು. ಬೇಕಂತನೇ. ಉದಗೀರದಿಂದ ಪ್ರೊಫೆಸರ್ ಬರೋರಿದ್ದಾರ. ಅವ್ರ ಮುಂದ ಓದ್ಲಿ ಪಂಡಿತ.

೨೮ ಫೆಬ್ರುವರಿ

ಓದ್ದ. ಯಾರೂ ನಗಲಿಲ್ಲ. ಪ್ರೊಫೆಸರ್ ಫೋನಿನ್ಯಾಗ ಮುಖ ಹಾಕಿ ಕುಂತಿದ್ರು. ಕೆರಿ ಮಾತು ಬಂದಾಗ ಹುಡುಗ್ರು ಚಪ್ಪಾಳಿ ಹೊಡದ್ರು. ಊರಾಗ ನಳಕ್ಕ ನೀರು ಬಂದು ಒಂಬತ್ತು ದಿನ ಆಗ್ಯದ.

ಏಳನೇ ಕ್ಲಾಸಿನ ದ್ರೌಪದಿ ಹಿಂದಿಂದೇ ಬಂದ್ಲು. "ಮೇಡಂ, ಆ ಕೆರಿಗೆ ನೀರು ಎಲ್ಲಿಂದ ಬರ್ತದ್ರಿ?"

"ಪಂಡಿತ ಸರ್‌ಗೆ ಕೇಳು."

೫ ಮಾರ್ಚ್

ದ್ರೌಪದಿ ಚಾರ್ಟ್ ಮಾಡ್ಯಾಳ. ಅರ್ಧ ಕೆಂಪು, ಅರ್ಧ ಕಪ್ಪು. ಕಪ್ಪಿನ್ಯಾಗ ನೀಲಿ ಕೆರಿ, ದಂಡಿಗೆ ಎರಡು ಕೊಡ. ಪಂಡಿತ ಅದನ್ನ ಉದಗೀರದ ಪ್ರದರ್ಶನಕ್ಕ ಆರ್ಸ್ಯಾನ. ಖುಷಿಯಾಗ್ಯಾನ.

ತಿದ್ದಬೇಕಿತ್ತು. ತಿದ್ದಿದ್ರ ಅಂವಾ ಪಾರಾಗ್ತಿದ್ದ. ಸುಮ್ಮನಾದೆ.

೧೨ ಮಾರ್ಚ್, ಸೋಮವಾರ

ದ್ರೌಪದಿ ಸಾಲಿಗೆ ಬಂದಿಲ್ಲ. ತಾಯಿ ಶೇವಂತಾಬಾಯಿ ಬಂದಿದ್ಲು.

"ಉದಗೀರದಾಗ ಪರೀಕ್ಷಾ ಮಾಡೋ ಸಾಹೇಬ್ರು ಎಲ್ಲಾರ ಮುಂದ ಕೇಳಿದ್ರಂತ್ರಿ — ಕಲ್ಲು ಕರಗೋ ಕಡಿ ಕೆರಿ ಯಾರು ತೋಡ್ಯಾರ ಅಂತ. ಮಂದಿ ನಕ್ಕದ. ಪಂಡಿತ ಸರ್ ಏನಂದ್ರು ಗೊತ್ತದೇನ್ರಿ? ಹುಡುಗಿ ತನ್ನ ಮನಸ್ಸಿಗೆ ಬಂದಂಗ ಬರ್ದಾಳ ಅಂದ್ರಂತ. ಚಾರ್ಟ್ ಹರ್ದು ಒಲಿಗೆ ಹಾಕ್ಯಾಳ್ರಿ. ಉಂಡಿಲ್ಲ."

ಆಕಿಗೆ ಚಾ ಕೊಟ್ಟು ಕಳಿಸ್ದೆ.

೧೩ ಮಾರ್ಚ್

ಸ್ಟಾಫ್‌ರೂಮಿನ್ಯಾಗ ಪಂಡಿತಗ ಹೇಳ್ದೆ. ಆ ಸಾಲು ನಾ ಬೇಕಂತ ಬರ್ದೀನಿ ಅಂತ. ಅಂವಾ ಎದ್ದು ಹೋಗಿ ಬಾಗಲಾ ಮುಚ್ಚಿ ಬಂದ.

"ಯಾರಿಗೂ ಹೇಳಬ್ಯಾಡ್ರಿ. ಇಬ್ಬರದೂ ಮರ್ಯಾದಿ ಹೋಗ್ತದ. ಹುಡುಗಿ ನಾಕು ದಿನಕ್ಕ ಮರೀತಾಳ."

ಹನ್ನೊಂದು ವರ್ಷದಾಗ ಅಂವಾ ನನ್ನ ಜೋಡಿ ಇಷ್ಟು ಮರ್ಯಾದಿಲೆ ಮಾತಾಡಿದ್ದು ಇದೇ ಮೊದ್ಲು.

ಸಂಜಿ ಆರು

ಶೇವಂತಾಬಾಯಿ ಮನಿಗೆ ಹೋಗಿದ್ದೆ. ದ್ರೌಪದಿ ಗ್ವಾಡಿ ಕಡಿ ಮುಖ ಮಾಡಿ ಕುಂತಿದ್ಲು. ಬಾಜೂಕ ಕುಂತೆ. "ನಿಂದೇನೂ ತಪ್ಪಿಲ್ಲವ್ವಾ. ಅಲ್ಲಿ ಕೆರಿ ಇಲ್ಲ. ಭಾಷಣಾ ನಾ ಬರ್ದಿದ್ದೆ. ಸುಳ್ಳು ಅಂತ ಗೊತ್ತಿದ್ದೇ ಬರ್ದೆ."

ತಿರುಗಿ ನೋಡಿದ್ಲು. ಸಿಟ್ಟಿರಲಿಲ್ಲ. ಸಿಟ್ಟಿದ್ರ ಚೊಲೊ ಇತ್ತು.

"ಯಾಕ್ರಿ ಮೇಡಂ?"

"ಪಂಡಿತ ಸರ್ ಮಂದಿ ಮುಂದ ನಗೆಪಾಟಲಾಗ್ಲಿ ಅಂತವ್ವಾ," ಅಂದೆ.